ಬ್ಯಾಂಡೇ ಬಾರದ ದಾಳಿಂಬೆ ಎಲೆ: ಒಂದು ಪಿಸಿಆರ್ ಪ್ರಕರಣ

ದಾವಣಗೆರೆಯ ಒಂದು ಸಂಸ್ಥೆಯ ಜೀವರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಡೆದದ್ದು ಇದು. ಸಂಸ್ಥೆ, ವಿದ್ಯಾರ್ಥಿನಿ, ಮಾರ್ಗದರ್ಶಕರು, ರೈತರು ಯಾರ ಗುರುತನ್ನೂ ಇಲ್ಲಿ ಕೊಟ್ಟಿಲ್ಲ. ತೋಟಗಳಿಗೆ ಸಂಖ್ಯೆ ಮಾತ್ರ ಇದೆ.

ಕೆಲಸ ಕೇಳಲು ಸಲೀಸು. ಹಿರಿಯೂರು, ಹೊಸದುರ್ಗ ಕಡೆಯ 12 ದಾಳಿಂಬೆ ತೋಟಗಳಿಂದ ಚುಕ್ಕೆ ಬಿದ್ದ ಎಲೆ ತರುವುದು, ಡಿಎನ್‌ಎ ತೆಗೆಯುವುದು, ದುಂಡಾಣು ಅಂಗಮಾರಿಯ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂದು ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎಯ ಬೇಕಾದ ತುಂಡನ್ನು ಮತ್ತೆ ಮತ್ತೆ ನಕಲು ಮಾಡುವ ವಿಧಾನದಲ್ಲಿ, ನೋಡುವುದು. ನಕಲಾದ ತುಂಡು ಜೆಲ್‌ನಲ್ಲಿ ಗೆರೆಯಾಗಿ ಕಾಣುತ್ತದೆ, ಅದೇ ಬ್ಯಾಂಡ್. ಹೋಲಿಕೆಗೆ ಚುಕ್ಕೆಯಿಲ್ಲದ ಎರಡು ಎಲೆ. ರೋಗಕಾರಕದ ಹೆಸರು ಕ್ಸಾಂಥೋಮೊನಾಸ್ ಆಕ್ಸೊನೊಪೋಡಿಸ್ ಪಥೋವಾರ್ ಪ್ಯೂನಿಕೆ. ಕಾಯಿಗೆ ಹತ್ತಿದ ಮೇಲೆ ಇದನ್ನು ಗುರುತಿಸಲು ಯಂತ್ರ ಬೇಕಿಲ್ಲ. ಸಿಪ್ಪೆಯ ಮೇಲೆ ಎಲ್, ವೈ ಅಕ್ಷರದಂಥ ಬಿರುಕು ಬಿಡುತ್ತದೆ. ಎಲೆಯ ಹಂತದಲ್ಲಿ ಮಾತ್ರ ಶಿಲೀಂಧ್ರದ ಚುಕ್ಕೆಗೂ ಇದಕ್ಕೂ ಕಣ್ಣು ಮೋಸಹೋಗುತ್ತದೆ. "ಕಾಯಿ ಸೀಳೋವರ್ಗೂ ಕಾಯ್ಕಂಡು ಕೂತ್ರೆ ಆಗೋಯ್ತು ಮೇಡಂ, ಎಲೇಲೇ ಹೇಳ್ಬೇಕು ನೀವು" ಎಂದು 3ನೇ ತೋಟದವರು ಹೇಳಿದ್ದು ಇದಕ್ಕೇ.

ಪ್ರಯೋಗಾಲಯದಲ್ಲಿ ಮೊದಲೇ ಇದ್ದ ಎರಡು ವಸ್ತು ಮುಂದಿನ ಕಥೆಯನ್ನೆಲ್ಲ ನಿರ್ಧರಿಸಿದವು. ಒಂದು, ಮೆಕ್ಕೆಜೋಳದ ಎಲೆಗೆ ವರ್ಷಗಟ್ಟಲೆ ಬಳಸಿ ಪಳಗಿದ, ಸಿಟ್ಯಾಬ್ ಎಂಬ ಮಾರ್ಜಕದಿಂದ ಡಿಎನ್‌ಎ ತೆಗೆಯುವ ವಿಧಾನ. ಇನ್ನೊಂದು, ಮಣ್ಣಿನ ಬ್ಯಾಕ್ಟೀರಿಯಾ ಗುರುತಿಸಲು ತರಿಸಿಟ್ಟಿದ್ದ 16ಎಸ್ ಜೀನಿನ ಸಾರ್ವತ್ರಿಕ ಪ್ರೈಮರ್ ಜೋಡಿ, 27ಎಫ್ ಮತ್ತು 1492ಆರ್. 16ಎಸ್ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ ಜೀನ್; ನಕಲು ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಹಾಕುವ ಪುಟ್ಟ ಡಿಎನ್‌ಎ ಚೂರುಗಳೇ ಪ್ರೈಮರ್. ಎರಡೂ ಒಳ್ಳೆಯವೇ. ಎರಡೂ ಬೇರೆ ಕೆಲಸಕ್ಕೆ ಒಳ್ಳೆಯವು.

ಆರು ವಾರ

ಎಲೆಗಳು ಪ್ಲಾಸ್ಟಿಕ್ ಕವರಿನಲ್ಲಿ, ಬೇಸಿಗೆಯ ಬಿಸಿಲಲ್ಲಿ, ಬಸ್ಸಿನಲ್ಲಿ ನೂರು ಕಿಲೋಮೀಟರ್ ಬಂದವು. ಇಳಿಸುವಾಗಲೇ ಕೆಲವು ಕಂದಿದ್ದವು. 200 ಮಿಲಿಗ್ರಾಂ ಎಲೆಯನ್ನು 500 ಮೈಕ್ರೋಲೀಟರ್ ಬಫರಿನಲ್ಲಿ ಅರೆದು, 65 ಡಿಗ್ರಿಯಲ್ಲಿಟ್ಟು, ಒಂದು ಸಲ ಕ್ಲೋರೋಫಾರ್ಮ್ ಕೊಟ್ಟು, ಐಸೊಪ್ರೊಪನಾಲ್ ಹಾಕಿ ರಾತ್ರಿಯಿಡೀ ಮೈನಸ್ 20ರಲ್ಲಿ ಇಟ್ಟರು. ಬೆಳಿಗ್ಗೆ ಸ್ಪಿನ್ ಮಾಡಿದಾಗ ತಳದಲ್ಲಿ ಕೂತದ್ದು ಬೆಲ್ಲದ ಪಾಕದ ಬಣ್ಣದ ಅಂಟು. ಬಫರಿನಲ್ಲಿ ಕರಗಿಸಿ ಪಿಪೆಟ್‌ನಲ್ಲಿ ಎಳೆದರೆ ಟಿಪ್ಪಿನ ತುದಿಯಿಂದ ಲೋಳೆಯಂತೆ ದಾರ ಬರುತ್ತಿತ್ತು. ಬೆಳಕು ಹಾಯಿಸಿ ಡಿಎನ್‌ಎ ಅಳೆಯುವ ನ್ಯಾನೋಡ್ರಾಪ್ ಯಂತ್ರ ಮಾತ್ರ ಮೈಕ್ರೋಲೀಟರಿಗೆ 410 ನ್ಯಾನೋಗ್ರಾಂ ಎಂದು ತೋರಿಸಿತು. ಆ ಸಂಖ್ಯೆ ನೋಡಿ ಎಲ್ಲರಿಗೂ ನೆಮ್ಮದಿಯಾಯಿತು. ಅದರ ಪಕ್ಕದಲ್ಲೇ ಇದ್ದ, ಡಿಎನ್‌ಎ ಎಷ್ಟು ಶುದ್ಧ ಎಂದು ಹೇಳುವ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೇ ಹೊರತು ಓದಲಿಲ್ಲ: 260/280 ಅನುಪಾತ 1.52, 260/230 ಅನುಪಾತ 0.61.

25 ಮೈಕ್ರೋಲೀಟರಿನ ಪಿಸಿಆರ್ ಲೆಕ್ಕ ಹೀಗಿತ್ತು: 10 ಪಟ್ಟು ಸಾಂದ್ರತೆಯ ಬಫರ್ 2.5, 25 ಮಿಲಿಮೋಲಾರ್ ಮೆಗ್ನೀಷಿಯಂ ಕ್ಲೋರೈಡ್ 1.5, ಡಿಎನ್‌ಎ ಕಟ್ಟುವ ಬಿಡಿ ಘಟಕಗಳಾದ ಡಿಎನ್‌ಟಿಪಿ (10 ಮಿಲಿಮೋಲಾರ್) 0.5, 10 ಮೈಕ್ರೋಮೋಲಾರ್ ಪ್ರೈಮರ್ ತಲಾ 1, ನಕಲು ಮಾಡುವ ಕಿಣ್ವ ಟ್ಯಾಕ್ 0.2 ಅಂದರೆ ಒಂದು ಯೂನಿಟ್, ಎಲೆಯ ಡಿಎನ್‌ಎ 2, ಉಳಿದದ್ದು ನೀರು 16.3. 94 ಡಿಗ್ರಿ 4 ನಿಮಿಷ; ಆಮೇಲೆ 94ರಲ್ಲಿ 30 ಸೆಕೆಂಡ್, 55ರಲ್ಲಿ 45 ಸೆಕೆಂಡ್, 72ರಲ್ಲಿ 90 ಸೆಕೆಂಡ್, ಹೀಗೆ 35 ಸುತ್ತು. ಲೆಕ್ಕದಲ್ಲಿ ತಪ್ಪಿಲ್ಲ. ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎ ಹಾಕಿದ, ಬ್ಯಾಂಡ್ ಬರಲೇಬೇಕಾದ ಪಾಸಿಟಿವ್ ಕಂಟ್ರೋಲ್‌ನಲ್ಲಿ 1,500 ಬೇಸ್ ಜೋಡಿಯ (ಡಿಎನ್‌ಎ ಉದ್ದದ ಅಳತೆ) ಹತ್ತಿರ ಬ್ಯಾಂಡ್ ಬಂತು. ಹದಿನಾಲ್ಕು ಎಲೆಗಳಲ್ಲಿ ಒಂದರಲ್ಲೂ ಬರಲಿಲ್ಲ.

ಆಮೇಲೆ ಶುರುವಾದದ್ದು ಪ್ರತಿ ಪ್ರಯೋಗಾಲಯಕ್ಕೂ ಪರಿಚಿತವಾದ ಪರದಾಟ. ಮೊದಲು ಪ್ರೈಮರ್ ಡಿಎನ್‌ಎ ಮೇಲೆ ಕೂರುವ ಅನೀಲಿಂಗ್ ತಾಪಮಾನವನ್ನು 50ರಿಂದ 60ರವರೆಗೆ ಏರಿಸಿ ಇಳಿಸಿ ನೋಡಿದರು. ಟ್ಯಾಕ್ ಹಳೆಯದಾಗಿರಬೇಕು, ಕರೆಂಟು ಹೋದಾಗ ಫ್ರೀಜರ್ ಬೆಚ್ಚಗಾಗಿರಬೇಕು ಎಂದು ಹೊಸದು ತರಿಸಿದರು. ಅದೇ ಪ್ರೈಮರನ್ನು ಮತ್ತೆ ಮಾಡಿಸಿದರು. ಪಾಸಿಟಿವ್ ಕಂಟ್ರೋಲ್ ಪ್ರತಿ ಸಲವೂ ಬರುತ್ತಿದ್ದಾಗ ಟ್ಯಾಕ್, ಪ್ರೈಮರ್, ಯಂತ್ರ ಮೂರೂ ಸರಿಯಿವೆ ಎಂದೇ ಅರ್ಥ. ಆದರೂ ಹಣ ಹೋದದ್ದು ಆ ಮೂರರ ಮೇಲೆಯೇ.

ಇನ್ನೊಂದು ಹೆಜ್ಜೆ ಇದಕ್ಕಿಂತ ಹಾನಿ ಮಾಡಿತು. ಎಲೆಯಿಂದ ಬಂದ ಡಿಎನ್‌ಎಯಲ್ಲಿ ಹೆಚ್ಚಿನದು ಗಿಡದ್ದೇ, ಬ್ಯಾಕ್ಟೀರಿಯಾದ್ದು ಹಿಡಿ ಅಕ್ಕಿಯಲ್ಲಿ ಒಂದು ಕಾಳು ಇದ್ದಂತೆ. ಹಾಗಾಗಿ ಹೆಚ್ಚು ಹಾಕಿದರೆ ಸಿಕ್ಕೀತು ಎಂದು 2 ಇದ್ದದ್ದನ್ನು 4 ಮೈಕ್ರೋಲೀಟರ್ ಮಾಡಿದರು. ತರ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ಆ ದ್ರಾವಣದಲ್ಲಿ ಡಿಎನ್‌ಎ ಒಂದೇ ಇರಲಿಲ್ಲ. ಅದರ ಜೊತೆ ಬಂದದ್ದೂ ಇಮ್ಮಡಿಯಾಯಿತು. ಇದೇ ಹೊತ್ತಿಗೆ ಮೆಗ್ನೀಷಿಯಂ 3 ಮಿಲಿಮೋಲಾರಿಗೆ ಏರಿಸಿದಾಗ ಒಂದೇ ಒಂದು ಮಾದರಿಯಲ್ಲಿ ಮಸುಕು ಬ್ಯಾಂಡ್ ಕಂಡಿತು. ಅದನ್ನು ಹಿಡಿದುಕೊಂಡು ಎರಡು ವಾರ ಮೆಗ್ನೀಷಿಯಂ ಹಿಂದೆ ಅಲೆದರು. ಸುಳಿವು ನಿಜದ್ದೇ, ಓದಿದ ರೀತಿ ತಪ್ಪು. ಟ್ಯಾಕ್‌ಗೆ ಬೇಕಾದ ಮೆಗ್ನೀಷಿಯಂ ಅನ್ನು ಏನೋ ಒಂದು ಹಿಡಿದಿಟ್ಟುಕೊಳ್ಳುತ್ತಿದೆ ಎಂಬುದು ಅದರ ಅರ್ಥವಾಗಿತ್ತು.

ನಾಲ್ಕು ಟ್ಯೂಬು

ತಿರುವು ಬಂದದ್ದು ಮಾರ್ಗದರ್ಶಕರ ಒಂದು ಪ್ರಶ್ನೆಯಿಂದ.

"ಪಾಸಿಟಿವ್ ಕಂಟ್ರೋಲ್ ಬರ್ತಿದೆ ತಾನೇನಮ್ಮ?"

"ಪ್ರತಿ ಸಲ ಬರ್ತಿದೆ ಸಾರ್."

"ಹಾಗಾದ್ರೆ ಆ ಟ್ಯೂಬಿಗೇ ನಿನ್ನ ಎಲೆ ಡಿಎನ್‌ಎ ಒಂದು ಮೈಕ್ರೋಲೀಟರ್ ಹಾಕಿ ನೋಡು. ಅದೂ ಸತ್ತರೆ ಗೊತ್ತಾಗುತ್ತೆ."

ಹಾಕಿದ್ದು ನಾಲ್ಕು ಟ್ಯೂಬು, ಒಂದೊಂದರಲ್ಲೂ 1 ನ್ಯಾನೋಗ್ರಾಂ ಇ. ಕೋಲಿ ಡಿಎನ್‌ಎ. ಮೊದಲನೆಯದಕ್ಕೆ ಜೊತೆಗೆ ನೀರು. ಎರಡನೆಯದಕ್ಕೆ ಎಲೆಯ ಡಿಎನ್‌ಎ 1 ಮೈಕ್ರೋಲೀಟರ್. ಮೂರನೆಯದಕ್ಕೆ ಅದನ್ನೇ 10 ಪಟ್ಟು ನೀರಾಗಿಸಿದ್ದು. ನಾಲ್ಕನೆಯದಕ್ಕೆ 50 ಪಟ್ಟು. ಸಂಜೆ ಜೆಲ್ ಓಡಿಸಿದಾಗ ಮೊದಲನೆಯದರಲ್ಲಿ ದಪ್ಪ ಬ್ಯಾಂಡ್. ಎರಡನೆಯದು ಖಾಲಿ. ಮೂರನೆಯದರಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಷ್ಟು. ನಾಲ್ಕನೆಯದು ಮೊದಲನೆಯದರಷ್ಟೇ ಹೊಳೆಯಿತು. ಆರು ವಾರದ ಪ್ರಶ್ನೆಗೆ ಒಂದು ಮಧ್ಯಾಹ್ನ, ಒಂದು ಯೂನಿಟ್ಟಿನಂತೆ ನಾಲ್ಕು ಯೂನಿಟ್ ಟ್ಯಾಕ್ ಸಾಕಾಯಿತು: ಎಲೆಯ ದ್ರಾವಣದಲ್ಲಿ ಪ್ರತಿಬಂಧಕವಿದೆ.

ಅದು ಏನು ಎಂದು ತಿಳಿಯಲು ದಾಳಿಂಬೆಯ ಎಲೆಯನ್ನೋ ಸಿಪ್ಪೆಯನ್ನೋ ಅಗಿದರೆ ಸಾಕು. ನಾಲಿಗೆ ಹಿಡಿದುಕೊಳ್ಳುವ ಆ ಒಗರು ಟ್ಯಾನಿನ್. ಎಂಜಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿಸುವ ಹಾಗೆಯೇ ಅದು ಟ್ಯಾಕ್ ಪ್ರೋಟೀನನ್ನೂ ಹಿಡಿಯುತ್ತದೆ, ಮೆಗ್ನೀಷಿಯಂ ಅನ್ನೂ ಕಟ್ಟಿಹಾಕುತ್ತದೆ. ಎಲೆ ಜಜ್ಜಿ ಗಾಳಿ ತಾಗಿದಾಗ ಈ ಪಾಲಿಫಿನಾಲ್‌ಗಳು ಉತ್ಕರ್ಷಣಗೊಂಡು ಕಂದಾಗಿ ಡಿಎನ್‌ಎಗೇ ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ತೊಳೆದರೂ ಬಿಡುವುದಿಲ್ಲ. ಲೋಳೆಯಾಗಿ ದಾರ ಬರುತ್ತಿದ್ದದ್ದು ಪಾಲಿಸ್ಯಾಕರೈಡ್. 260/230 ಅನುಪಾತ 2ರ ಹತ್ತಿರ ಇರಬೇಕಾದದ್ದು 0.61ಕ್ಕೆ ಬಿದ್ದದ್ದು ಇವೆಲ್ಲ 230 ನ್ಯಾನೋಮೀಟರ್ ತರಂಗಾಂತರದಲ್ಲಿ ಬೆಳಕು ಹೀರುವುದರಿಂದ. 410 ಎಂಬ ಸಂಖ್ಯೆಯೂ ನಂಬುವಂಥದ್ದಾಗಿರಲಿಲ್ಲ. ಶೇ 0.8ರ ಜೆಲ್‌ನಲ್ಲಿ ಅಳತೆಗೋಲಾಗಿ 50 ಮತ್ತು 100 ನ್ಯಾನೋಗ್ರಾಂ ಲ್ಯಾಂಬ್ಡಾ ಡಿಎನ್‌ಎ ಪಕ್ಕದಲ್ಲಿಟ್ಟು ಓಡಿಸಿದಾಗ ನಿಜವಾದ ಡಿಎನ್‌ಎ ಮೈಕ್ರೋಲೀಟರಿಗೆ 40ರ ಆಸುಪಾಸು. ಉಳಿದದ್ದು ಆರ್‌ಎನ್‌ಎ ಮತ್ತು ಫಿನಾಲುಗಳು ಹೀರಿದ ಬೆಳಕು.

ಹಾಗಾದರೆ 50 ಪಟ್ಟು ನೀರು ಬೆರೆಸಿ ಮುಂದೆ ಹೋಗಬಹುದಿತ್ತಲ್ಲ? ವಿದ್ಯಾರ್ಥಿನಿಯೂ ಅದನ್ನೇ ಕೇಳಿದಳು. ಪ್ರತಿಬಂಧಕ ಇದೆ ಎಂದು ಸಾಬೀತು ಮಾಡಲು ಆ ಉಪಾಯ ಚೆನ್ನ, ರೋಗಪತ್ತೆಗೆ ಅಲ್ಲ. ಚುಕ್ಕೆ ಈಗಷ್ಟೇ ಮೂಡಿದ ಎಲೆಯಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಮೊದಲೇ ಅಲ್ಪ. ಐವತ್ತು ಪಾಲು ಮಾಡಿದರೆ ಅದು ಟ್ಯೂಬಿಗೆ ಬೀಳದೆಯೇ ಹೋಗಬಹುದು. ಡಿಎನ್‌ಎಯನ್ನೇ ಶುದ್ಧವಾಗಿ ತೆಗೆಯಬೇಕು ಎಂದು ತೀರ್ಮಾನವಾಯಿತು.

ಬದಲಿಸಿದ ವಿಧಾನ

ಮೊದಲ ಬದಲಾವಣೆ ತೋಟದಲ್ಲೇ ಆಯಿತು. ಎಲೆಯನ್ನು ಕಿತ್ತ ಕೂಡಲೇ ಒರೆಸಿ, ಚುಕ್ಕೆಯ ಅಂಚು ಸೇರುವಂತೆ ಕತ್ತರಿಸಿ, ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಇರುವ ಜಿಪ್ ಕವರಿಗೆ ಹಾಕಿದರು. ಒಂದು ದಿನದಲ್ಲಿ ಎಲೆ ಹಸಿರು ಬಣ್ಣದಲ್ಲೇ ಗರಿಗರಿಯಾಗಿ ಒಣಗುತ್ತದೆ; ಕಂದಲು ಬೇಕಾದ ನೀರೇ ಉಳಿಯುವುದಿಲ್ಲ. ಐಸ್ ಬಾಕ್ಸೂ ಆದೀತು, ಆದರೆ ನಡುವೆ ಐಸ್ ಕರಗಿ ಎಲೆ ನೆಂದರೆ ಕೆಲಸ ಕೆಟ್ಟಂತೆ.

ಎರಡನೆಯದು ಪ್ರಮಾಣ. 200 ಮಿಲಿಗ್ರಾಂ ಬದಲು 100, ಒಣ ಎಲೆಯಾದರೆ 20. ಬಫರ್ 500 ಬದಲು 1,000 ಮೈಕ್ರೋಲೀಟರ್. ಹೆಚ್ಚು ಎಲೆ ಹಾಕಿದರೆ ಹೆಚ್ಚು ಡಿಎನ್‌ಎ ಎಂಬ ನಂಬಿಕೆ ಬಿಡಿಸುವುದೇ ಕಷ್ಟ. ಬಫರಿಗೆ ಹಿಡಿಸುವುದಕ್ಕಿಂತ ಹೆಚ್ಚು ಎಲೆ ಹಾಕಿದರೆ ಹೆಚ್ಚಾಗುವುದು ಒಗರು ಮಾತ್ರ.

100 ಮಿಲಿ ಬಫರಿಗೆ: ಸಿಟ್ಯಾಬ್ 2 ಗ್ರಾಂ, ಪಿಎಚ್ 8ರ 1 ಮೋಲಾರ್ ಟ್ರಿಸ್ 10 ಮಿಲಿ, 0.5 ಮೋಲಾರ್ ಇಡಿಟಿಎ 4 ಮಿಲಿ, 40,000 ಅಣುತೂಕದ ಪಿವಿಪಿ 2 ಗ್ರಾಂ, ಸೋಡಿಯಂ ಕ್ಲೋರೈಡ್ 11.7 ಗ್ರಾಂ. ಹಳೆಯ ಬಫರಿನಲ್ಲಿ ಉಪ್ಪು 1.4 ಮೋಲಾರ್ ಇತ್ತು, ಅಂದರೆ 8.2 ಗ್ರಾಂ, ಈಗ 2 ಮೋಲಾರ್. ಉಪ್ಪು ಹೆಚ್ಚಿದ್ದರೆ ಪಾಲಿಸ್ಯಾಕರೈಡ್ ದ್ರಾವಣದಲ್ಲೇ ಉಳಿಯುತ್ತದೆ. ಪಿವಿಪಿಯ ಕೆಲಸ ಫಿನಾಲುಗಳನ್ನು ಡಿಎನ್‌ಎಗಿಂತ ಮೊದಲೇ ಹಿಡಿಯುವುದು. ಮೆಕ್ಕೆಜೋಳಕ್ಕೆ ಅದು ಬೇಡವಾಗಿತ್ತು, ಹಾಗಾಗಿ ಹಳೆಯ ಬಫರಿನಲ್ಲಿ ಇರಲೇ ಇಲ್ಲ. ಕಂದುವುದನ್ನು ತಡೆಯುವ ಬೀಟಾ ಮರ್ಕ್ಯಾಪ್ಟೊಎಥನಾಲನ್ನು ಶೇ 0.2ರಿಂದ ಶೇ 2ಕ್ಕೆ ಏರಿಸಿದರು, ಮಿಲಿಗೆ 20 ಮೈಕ್ರೋಲೀಟರ್. ಇದನ್ನು ಬಳಸುವ ಮುಂಚೆಯಷ್ಟೇ, ಫ್ಯೂಮ್ ಹುಡ್‌ನಲ್ಲಿ ಬೆರೆಸಬೇಕು. ತಿಂಗಳ ಹಿಂದೆ ಬೆರೆಸಿಟ್ಟ ಬಾಟಲಿಯಲ್ಲಿ ನಾತ ಉಳಿದಿರಬಹುದು, ಕೆಲಸ ಮಾಡುವ ಶಕ್ತಿ ಉಳಿದಿರುವುದಿಲ್ಲ.

ಬಫರನ್ನು ಮೊದಲೇ 65 ಡಿಗ್ರಿಗೆ ಕಾಯಿಸಿ, ದ್ರವ ಸಾರಜನಕದಲ್ಲಿ ಪುಡಿ ಮಾಡಿದ ಎಲೆ ಕರಗುವ ಮುಂಚೆಯೇ ಅದರ ಮೇಲೆ ಸುರಿಯಬೇಕು. ಪುಡಿಗೆ ಗಾಳಿ ತಾಗುವ ಹೊತ್ತೆಷ್ಟೋ ಕಂದುವುದೂ ಅಷ್ಟೇ. 45 ನಿಮಿಷ ವಾಟರ್ ಬಾತ್, ಹತ್ತು ನಿಮಿಷಕ್ಕೊಮ್ಮೆ ತಿರುವುವುದು. ತಣಿದ ಮೇಲೆ ಸಮಪ್ರಮಾಣ ಕ್ಲೋರೋಫಾರ್ಮ್ ಮತ್ತು ಐಸೊಅಮೈಲ್ ಆಲ್ಕೋಹಾಲ್, 24ಕ್ಕೆ 1. ಮೆಲ್ಲಗೆ ಮೇಲೆಕೆಳಗೆ ಮಾಡಿ ನಿಮಿಷಕ್ಕೆ 12,000 ಸುತ್ತಿನ ವೇಗದಲ್ಲಿ 10 ನಿಮಿಷ ಸ್ಪಿನ್. ಸೆಂಟ್ರಿಫ್ಯೂಜನ್ನು 4 ಡಿಗ್ರಿಗೆ ಇಡಬಾರದು, ತಂಪಿಗೆ ಸಿಟ್ಯಾಬೇ ಗರಣೆ ಕಟ್ಟಿಕೊಳ್ಳುತ್ತದೆ. ನಡುವಿನ ಪದರ ತಿಳಿಯಾಗುವವರೆಗೆ ಎರಡೋ ಮೂರೋ ಸಲ ಇದನ್ನೇ ಮಾಡಿ, ಪ್ರತಿ ಸಲ ಮೇಲಿನ ದ್ರವದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ತೆಗೆದರು. ಕೊನೆಯ ಹನಿಯವರೆಗೂ ಎಳೆಯುವ ಆಸೆಯಲ್ಲಿ ನಡುವಿನ ಕೊಳೆ ಟಿಪ್ಪಿಗೆ ಬಂದರೆ ಅಷ್ಟು ಹೊತ್ತಿನ ಶ್ರಮ ನೀರಿಗೆ ಹೋಯಿತು.

ಆಮೇಲೆ ಅರ್ಧ ಪಾಲು 5 ಮೋಲಾರ್ ಉಪ್ಪಿನ ದ್ರಾವಣ, 0.6 ಪಾಲು ಐಸೊಪ್ರೊಪನಾಲ್, ಕೋಣೆಯ ತಾಪಮಾನದಲ್ಲೇ 15 ನಿಮಿಷ. ರಾತ್ರಿಯಿಡೀ ಮೈನಸ್ 20ರಲ್ಲಿಡುವ ಹಳೆಯ ರೂಢಿಯೇ ಲೋಳೆಯನ್ನು ಡಿಎನ್‌ಎ ಜೊತೆ ಕೆಳಗಿಳಿಸುತ್ತಿದ್ದದ್ದು. ಶೇ 70ರ ಎಥನಾಲಿನಲ್ಲಿ ಎರಡು ಸಲ ತೊಳೆದು, ಹತ್ತು ನಿಮಿಷ ಆರಿಸಿ, 50 ಮೈಕ್ರೋಲೀಟರ್ ಬಫರಿನಲ್ಲಿ ಕರಗಿಸಿ, ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಕಿಣ್ವ ಕೊಟ್ಟರು. ಈ ಸಲ ತಳದಲ್ಲಿ ಕೂತದ್ದು ಬಿಳಿ ನೂಲಿನ ಎಳೆಯಂತಿತ್ತು. 260/230 ಅನುಪಾತ 1.9. ನ್ಯಾನೋಡ್ರಾಪ್ ತೋರಿಸಿದ್ದು 70 ಮಾತ್ರ. ಹಳೆಯ 410ರ ಮುಂದೆ ಬಡಕಲು ಸಂಖ್ಯೆ, ಆದರೆ ಜೆಲ್‌ಗೂ ಅದಕ್ಕೂ ತಾಳೆಯಾಯಿತು. ಅಳಿದುಳಿದ ಫಿನಾಲ್ ಹಿಡಿಯಲು ಪಿಸಿಆರ್ ಮಿಶ್ರಣಕ್ಕೆ ಮಿಲಿಗೆ 10 ಮಿಲಿಗ್ರಾಂ ಸಾಂದ್ರತೆಯ ಬಿಎಸ್‌ಎ ಎಂಬ ಪ್ರೋಟೀನ್ 1 ಮೈಕ್ರೋಲೀಟರ್ ಸೇರಿಸಿ, ಅಷ್ಟು ನೀರು ಕಡಿಮೆ ಮಾಡಿದರು. ಟ್ಯಾನಿನ್‌ಗೆ ಕಚ್ಚಲು ಪ್ರೋಟೀನೇ ಬೇಕೆಂದರೆ ಟ್ಯಾಕ್ ಬದಲು ಅಗ್ಗದ್ದನ್ನು ಕೊಡುವ ಉಪಾಯ ಇದು.

ಚುಕ್ಕೆಯಿಲ್ಲದ ಎಲೆಯಲ್ಲೂ ಬ್ಯಾಂಡ್

ಹದಿನಾಲ್ಕಕ್ಕೆ ಹದಿಮೂರು ಮಾದರಿಗಳಲ್ಲಿ ಬ್ಯಾಂಡ್ ಬಂತು, 7ನೇ ತೋಟದ್ದೊಂದು ಬಿಟ್ಟು. ವಿಭಾಗದಲ್ಲಿ ಸಿಹಿ ಹಂಚಿದರು. ವರದಿಯ ಕರಡೂ ಸಿದ್ಧವಾಗತೊಡಗಿತು. ಜೆಲ್ ಚಿತ್ರ ನೋಡುತ್ತಿದ್ದ ಟೆಕ್ನಿಷಿಯನ್ ಕೊನೆಯ ಎರಡು ಸಾಲು ತೋರಿಸಿ, "ಇವು ಚೆನ್ನಾಗಿರೋ ಎಲೆ ಅಲ್ವಾ ಮೇಡಂ?" ಎಂದು ಕೇಳಿದ್ದರಿಂದ ಕರಡು ಅಲ್ಲಿಗೇ ನಿಂತಿತು.

ಚುಕ್ಕೆಯಿಲ್ಲದ ಎರಡು ಎಲೆಗಳಲ್ಲೂ ಅಷ್ಟೇ ದಪ್ಪದ ಬ್ಯಾಂಡ್ ಇತ್ತು. ಇಲ್ಲಿ ಎದುರಾದ ಆಮಿಷ ಟ್ಯಾಕ್ ಖರ್ಚಿಗಿಂತ ಅಪಾಯದ್ದು. ‘ಲಕ್ಷಣ ತೋರದ ಸುಪ್ತ ಸೋಂಕು’ ಎಂದು ಬರೆದುಬಿಟ್ಟರೆ ವರದಿಗೆ ಇನ್ನೂ ಮೆರುಗು ಬರುತ್ತಿತ್ತು. ಡಿಎನ್‌ಎ ಇಲ್ಲದ ಟ್ಯೂಬಿನಲ್ಲೂ ಮಸುಕು ಗೆರೆಯಿತ್ತು. ಅದರ ಕಾರಣ ಬೇರೆ. ಟ್ಯಾಕನ್ನು ತಯಾರಿಸುವುದೇ ಇ. ಕೋಲಿಯಲ್ಲಿ. ಅದರ ಡಿಎನ್‌ಎಯ ಅಳಿದುಳಿದ ಚೂರುಗಳನ್ನು 16ಎಸ್ ಪ್ರೈಮರ್ 35 ಸುತ್ತಿನಲ್ಲಿ ಎತ್ತಿ ತೋರಿಸುತ್ತದೆ. ಸುತ್ತನ್ನು 30ಕ್ಕೆ ಇಳಿಸಿದಾಗ ಆ ಗೆರೆ ಹೋಯಿತು. ಎಲೆಗಳ ಬ್ಯಾಂಡ್ ಕದಲಲಿಲ್ಲ.

ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದ ಅಂಗಾಂಶ ಕೃಷಿಯ ಸಸಿಯ ಎಲೆಯಲ್ಲೂ ಅದೇ ಬಂದಾಗ ಸುಪ್ತ ಸೋಂಕಿನ ಮಾತು ಬಿದ್ದುಹೋಯಿತು. ಮೂರು ಬ್ಯಾಂಡುಗಳನ್ನು ಕತ್ತರಿಸಿ ಶುದ್ಧ ಮಾಡಿ ಬೆಂಗಳೂರಿಗೆ ಸೀಕ್ವೆನ್ಸಿಂಗ್‌ಗೆ ಕಳಿಸಿದರು. ಗೊತ್ತಿರುವ ಡಿಎನ್‌ಎ ಸೀಕ್ವೆನ್ಸ್‌ಗಳ ಜೊತೆ ಹೋಲಿಸುವ ಬ್ಲಾಸ್ಟ್ ಹುಡುಕಾಟದಲ್ಲಿ ಮೂರೂ ತಾಳೆಯಾದದ್ದು ಬ್ಯಾಕ್ಟೀರಿಯಾಕ್ಕಲ್ಲ, ದಾಳಿಂಬೆಯ ಕ್ಲೋರೋಪ್ಲಾಸ್ಟಿಗೆ.

ಕ್ಲೋರೋಪ್ಲಾಸ್ಟಿನ ಪೂರ್ವಜ ಸಯನೋಬ್ಯಾಕ್ಟೀರಿಯಾ. ಅದರ 16ಎಸ್ ಜೀನಿನಲ್ಲಿ ಈ ಪ್ರೈಮರ್ ಕೂರುವ ಜಾಗಗಳು ಇವತ್ತಿಗೂ ಉಳಿದಿವೆ. ಉದ್ದವೂ 1,500ರ ಹತ್ತಿರವೇ, ಜೆಲ್‌ನಲ್ಲಿ ಬೇರೆ ಮಾಡಲಾಗದು. ಎಲೆಯ ಒಂದೊಂದು ಕೋಶದಲ್ಲೂ ಹಲವಾರು ಕ್ಲೋರೋಪ್ಲಾಸ್ಟ್, ಒಂದೊಂದರಲ್ಲೂ ಜೀನೋಮಿನ ಹಲವು ಪ್ರತಿ. ಅವುಗಳ ಗದ್ದಲದಲ್ಲಿ ರೋಗಾಣುವಿನ ದನಿ ಕೇಳುವುದಿಲ್ಲ. ಮಣ್ಣಿನ ಮಾದರಿಯಲ್ಲಿ ಈ ತೊಂದರೆ ಬಂದಿರಲಿಲ್ಲ. ನಾಲ್ಕು ಟ್ಯೂಬಿನ ದಿನ ಐದನೆಯ ಟ್ಯೂಬಿನಲ್ಲಿ ಚುಕ್ಕೆಯಿಲ್ಲದ ಎಲೆಯ ಡಿಎನ್‌ಎಯನ್ನಷ್ಟೇ 50 ಪಟ್ಟು ನೀರಾಗಿಸಿ ಇಟ್ಟಿದ್ದರೆ ಇದೂ ಅವತ್ತೇ ಹೊರಬೀಳುತ್ತಿತ್ತು.

ಕ್ಲೋರೋಪ್ಲಾಸ್ಟನ್ನು ಬಿಟ್ಟುಹೋಗುವ 799ಎಫ್ ಪ್ರೈಮರ್ 2001ರಿಂದಲೂ ಇದೆ. 1492ಆರ್ ಜೊತೆ ಬ್ಯಾಕ್ಟೀರಿಯಾದ ತುಂಡು 735 ಬೇಸ್ ಜೋಡಿಯ ಸುಮಾರಿಗೆ, ಗಿಡದ ಮೈಟೊಕಾಂಡ್ರಿಯಾದ್ದು 1,090ರ ಸುಮಾರಿಗೆ ಬರುವುದರಿಂದ ಜೆಲ್‌ನಲ್ಲೇ ಬೇರೆಯಾಗುತ್ತವೆ. ಆದರೆ ಅದು ಎಲೆಯ ಮೇಲೆ ಸುಮ್ಮನೆ ಬದುಕಿರುವ ಬ್ಯಾಕ್ಟೀರಿಯಾವನ್ನೂ ಎತ್ತುತ್ತದೆ. ರೈತರ ಪ್ರಶ್ನೆ "ಬ್ಯಾಕ್ಟೀರಿಯಾ ಇದೆಯಾ" ಎಂಬುದಲ್ಲ, "ಆ ಬ್ಯಾಕ್ಟೀರಿಯಾ ಇದೆಯಾ" ಎಂಬುದು. ಹಾಗಾಗಿ ಈ ರೋಗಾಣುವಿಗೆಂದೇ ಜೈರ್-ಬಿ ಜೀನಿನ ಮೇಲೆ ರೂಪಿಸಿದ, ಸುಮಾರು ಐನೂರು ಬೇಸ್ ಜೋಡಿಯ ತುಂಡು ಕೊಡುವ ಪ್ರೈಮರ್ ತರಿಸಿದರು.

ಪಾಸಿಟಿವ್ ಕಂಟ್ರೋಲ್‌ಗೆ ರೋಗಾಣುವೇ ಬೇಕಾಯಿತು. ಅದಕ್ಕಾಗಿ ಮತ್ತೆ ತೋಟಕ್ಕೆ ಹೋದಾಗ ಮೊದಲ ದಿನವೇ ಮಾಡಬಹುದಾಗಿದ್ದ ಪರೀಕ್ಷೆ ನೆನಪಾಯಿತು: ಹಸಿ ಎಲೆಯ ಚುಕ್ಕೆಯ ಅಂಚನ್ನು ಬ್ಲೇಡಿನಲ್ಲಿ ಕೊಯ್ದು ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ದುಂಡಾಣುವಾದರೆ ಕೊಯ್ದ ಅಂಚಿನಿಂದ ಹೊಗೆಯಂತೆ ಬ್ಯಾಕ್ಟೀರಿಯಾ ಹರಿದು ಬರುತ್ತದೆ. ಯಾವ ಜಾತಿ ಎಂದು ಅದು ಹೇಳದು, ಆದರೆ ಐದು ನಿಮಿಷದ ಕೆಲಸ. 3ನೇ ತೋಟದ ಎಲೆಯಲ್ಲಿ ಧಾರಾಳವಾಗಿ ಹರಿಯಿತು. ಅದನ್ನೇ ನ್ಯೂಟ್ರಿಯೆಂಟ್ ಅಗರ್ ಮೇಲೆ ಎಳೆದು 28 ಡಿಗ್ರಿಯಲ್ಲಿ ಮೂರು ದಿನ ಇಟ್ಟಾಗ ಮಿರುಗುವ ತಿಳಿಹಳದಿ ಕಾಲೊನಿ ಬಂದವು. ಅವುಗಳ ಜೈರ್-ಬಿ ಸೀಕ್ವೆನ್ಸ್ ನೋಡಿ ಖಚಿತಪಡಿಸಿಕೊಂಡು ಕಂಟ್ರೋಲ್ ಮಾಡಿಕೊಂಡರು. ಎಲೆ ಅರೆಯುವ ಮೇಜಿನ ಬಳಿ ಅದನ್ನು ಸುಳಿಯಗೊಡಲಿಲ್ಲ.

ಫಲಿತಾಂಶ ಬರೆದ ರೀತಿ

ದಾರಿ ತಪ್ಪಿಸಿದ ಕ್ಲೋರೋಪ್ಲಾಸ್ಟ್ ಬ್ಯಾಂಡನ್ನು ಬಿಸಾಡಲಿಲ್ಲ. ಈಗ ಪ್ರತಿ ಮಾದರಿಗೆ ಎರಡು ಟ್ಯೂಬು: ಒಂದು 16ಎಸ್, ಒಂದು ಜೈರ್-ಬಿ. 16ಎಸ್ ಬ್ಯಾಂಡ್ ಬಂದರೆ ಈ ಡಿಎನ್‌ಎ ಪಿಸಿಆರ್‌ಗೆ ಒಗ್ಗುತ್ತದೆ ಎಂದಷ್ಟೇ ಅರ್ಥ. ಅದೂ ಪೂರ್ತಿ ನಂಬುವ ಸಾಕ್ಷಿಯಲ್ಲ. ಕ್ಲೋರೋಪ್ಲಾಸ್ಟಿನ ಪ್ರತಿಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಸ್ವಲ್ಪ ಪ್ರತಿಬಂಧಕ ಉಳಿದಿದ್ದರೂ ಆ ಬ್ಯಾಂಡ್ ಬಂದುಬಿಡಬಹುದು, ಅಲ್ಪ ಪ್ರಮಾಣದ ಜೈರ್-ಬಿ ಸೋತಿರಬಹುದು. ಅದಕ್ಕೆ ಜೈರ್-ಬಿ ನೆಗೆಟಿವ್ ಬಂದ ಮಾದರಿಗೆ ಮಾತ್ರ ಮೂರನೆಯ ಟ್ಯೂಬು: ಅದೇ ಮಾದರಿಗೆ ರೋಗಾಣುವಿನ ಡಿಎನ್‌ಎ ಚೂರು ಬೆರೆಸಿ ಮತ್ತೆ ಓಡಿಸುವುದು. ಬೆರೆಸಿದ್ದು ಬಂದರೆ ಮಾತ್ರ ‘ನೆಗೆಟಿವ್’ ಎಂದು ಬರೆಯುವುದು.

ಹನ್ನೆರಡು ತೋಟಗಳಲ್ಲಿ ಎಂಟು ಪಾಸಿಟಿವ್ ಬಂದವು. ಮೂರು ನೆಗೆಟಿವ್, ಬೆರೆಸಿದ ಡಿಎನ್‌ಎ ಮೂರರಲ್ಲೂ ಚೆನ್ನಾಗಿ ಬಂತು. ಆ ಎಲೆಗಳನ್ನು ಸಸ್ಯರೋಗ ವಿಭಾಗಕ್ಕೆ ಕೊಟ್ಟಾಗ ಚುಕ್ಕೆಗಳಲ್ಲಿ ಶಿಲೀಂಧ್ರ ಸಿಕ್ಕಿತು. ಅದರಲ್ಲೊಂದು ತೋಟದವರು ಆ ವಾರವೇ ದುಂಡಾಣುವಿಗೆಂದು ಔಷಧ ಹೊಡೆಯಲು ಹೊರಟಿದ್ದರು.

7ನೇ ತೋಟದ ಎಲೆ ಬಲಿತದ್ದು, ಬಿಸಿಲಿಗೆ ಒಣಗಿದ್ದು. ಬಿಎಸ್‌ಎ ಹಾಕಿದರೂ 16ಎಸ್ ಬ್ಯಾಂಡ್ ಬರಲಿಲ್ಲ, ಜೈರ್-ಬಿಯೂ ಇಲ್ಲ. ಪಟ್ಟಿಯಲ್ಲಿ ಆ ಸಾಲಿಗೆ ‘ನೆಗೆಟಿವ್’ ಬದಲು ‘ನಿರ್ಣಯವಿಲ್ಲ, ಎಲೆ ಮತ್ತೆ ಬೇಕು’ ಎಂದು ಬರೆದರು. ರೈತರಿಗೆ ಫೋನ್ ಮಾಡಿ, ಎಳೆಯ ಎಲೆಯನ್ನೇ ಕಿತ್ತು ಸಿಲಿಕಾ ಕವರಿಗೆ ಹಾಕಿಕೊಡಲು ಹೇಳಿದರು. ಕವರು ನಾಲ್ಕನೆಯ ದಿನ ಬಂತು. ಈ ಸಲ 16ಎಸ್ ಸ್ಪಷ್ಟವಾಗಿ ಬಂತು, ಪಕ್ಕದ ಸಾಲಿನಲ್ಲಿ ಜೈರ್-ಬಿಯೂ ಬಂತು.